ಮೊಮ್ಮಗ ಯಾವ ದೇಶದ ಅಂಗಿ ತೊಡಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿ ವಿದ್ಯಾನಗರದಲ್ಲಿರುವ ನಿವೃತ್ತ ಶಿಕ್ಷಕಿ. ಮಗಳು, ಅಳಿಯ ಇಪ್ಪತ್ತು ವರ್ಷದಿಂದ ಮೆಲ್ಬರ್ನ್‌ನಲ್ಲಿದ್ದಾರೆ. ಇಬ್ಬರೂ ಅಲ್ಲಿನ ಪೌರತ್ವ ತೆಗೆದುಕೊಂಡಿದ್ದಾರೆ. ಮೊಮ್ಮಗ ಅಲ್ಲೇ ಹುಟ್ಟಿದವನು, ಈಗ 16 ವರ್ಷ. ಫುಟ್‌ಬಾಲ್ ಅಂದರೆ ಜೀವ. 17 ವರ್ಷದೊಳಗಿನವರ ಆಸ್ಟ್ರೇಲಿಯಾ ತಂಡದ ಕ್ಯಾಂಪ್‌ಗೆ ಅವನಿಗೆ ಕರೆ ಬಂದಿದೆ. ಅವನ ಆಸೆ ಮಾತ್ರ ಭಾರತಕ್ಕೆ ಆಡುವುದು. ಪ್ರತಿ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದಾಗ ಧಾರವಾಡದ ಹುಡುಗರ ಜೊತೆ ಆಡಿ, ಮಂಡಿ ಕೆತ್ತಿಸಿಕೊಂಡು ಮನೆಗೆ ಬರುತ್ತಾನೆ. ಅಳಿಯ, "ಒಸಿಐ ಕಾರ್ಡ್ ಇದೆಯಲ್ಲ, ಯಾವಾಗ ಬೇಕಾದರೂ ಭಾರತಕ್ಕೆ ಆಡಬಹುದು" ಅನ್ನುತ್ತಾರೆ. ಬೀಗರು, "ಒಮ್ಮೆ ಆಸ್ಟ್ರೇಲಿಯಾಕ್ಕೆ ಆಡಿದರೆ ಮುಗೀತು, ಕೊನೇತನಕ ಅಲ್ಲೇ" ಅನ್ನುತ್ತಾರೆ. ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ, "ಈಗ ರೂಲ್ ಬದಲಾಗಿದೆ, ಮೂರು ಮ್ಯಾಚ್ ತನಕ ನಡೆಯುತ್ತದೆ" ಅಂತ ಹಾಕಿದ್ದಾರೆ. ನಮ್ಮ ಮನೆಯವರು ರೈಲ್ವೆಯಲ್ಲಿದ್ದವರು, ಮಾತು ಕಡಿಮೆ. "ಅವ ಆ ಅಂಗಿ ತೊಟ್ಟು ನಮ್ಮವರ ಎದುರು ಆಡಿದರ ನಾ ಟಿವಿ ಹಚ್ಚೂದಿಲ್ಲ" ಅಂದುಬಿಟ್ಟರು. ಅದು ಹುಡುಗನ ಕಿವಿಗೂ ಬಿತ್ತು. ಫೋನಿನಲ್ಲಿ ಅತ್ತ. ಇನ್ನು ಹತ್ತು ದಿನದಲ್ಲಿ ಕ್ಯಾಂಪ್‌ನವರಿಗೆ ಉತ್ತರ ಕೊಡಬೇಕು. ಯಾರ ಮಾತು ಸರಿ? ಅವನು ತಪ್ಪು ಮಾಡುತ್ತಿದ್ದಾನಾ?

ಉತ್ತರ: ಅಕ್ಕೋರೆ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅವನು ಏನೂ ತಪ್ಪು ಮಾಡುತ್ತಿಲ್ಲ. ಕ್ಯಾಂಪ್‌ಗೆ ಹೋಗಲಿ. ಹೋದರೆ ಭಾರತದ ಬಾಗಿಲು ಮುಚ್ಚುವುದಿಲ್ಲ. ಇಷ್ಟನ್ನು ಇವತ್ತೇ ಫೋನ್ ಮಾಡಿ ಹೇಳಿಬಿಡಿ. ಉಳಿದದ್ದನ್ನು ನಿಧಾನಕ್ಕೆ ಓದಿ.

ನಾನು ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲ. ಪೌರತ್ವ, ಪಾಸ್‌ಪೋರ್ಟ್ ಕೇಸುಗಳೇ ಜಾಸ್ತಿ. ಕಾಲೇಜಿನಲ್ಲಿದ್ದಾಗ ಕೆಸಿಡಿ ಮೈದಾನದಲ್ಲಿ ಫುಟ್‌ಬಾಲ್ ಆಡಿದವನು. ಈಗಲೂ ಬೆಳಿಗ್ಗೆ ಹುಡುಗರ ಆಟ ನೋಡಲು ಹೋಗುತ್ತೇನೆ. ಹಾಗಾಗಿ ಆಟಗಾರರ ಮನೆಯವರು ಇಂಥ ಪ್ರಶ್ನೆ ಹಿಡಿದುಕೊಂಡು ನನ್ನ ಹತ್ತಿರ ಬರುವುದುಂಟು. ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಗಂಟು ಬಿದ್ದಿವೆ. ಒಂದು ಕಾಗದಪತ್ರದ್ದು, ಅಂದರೆ ಯಾವ ತಂಡಕ್ಕೆ ಆಡಲು ಅವನಿಗೆ ಹಕ್ಕಿದೆ ಅನ್ನುವುದು. ಇನ್ನೊಂದು ಮನಸ್ಸಿನದ್ದು. ಕಾಗದದ ಗಂಟನ್ನು ಮೊದಲು ಬಿಚ್ಚೋಣ.

ಅಳಿಯಂದಿರ ಮಾತಿನಿಂದ ಶುರು ಮಾಡುತ್ತೇನೆ. ಒಸಿಐ ಕಾರ್ಡ್, ಅಂದರೆ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ' ಕಾರ್ಡ್ ಅನ್ನುವ ಆ ಸಣ್ಣ ಪುಸ್ತಕ ನೋಡಿದರೆ ಯಾರಿಗಾದರೂ ಪಾಸ್‌ಪೋರ್ಟ್ ಅನ್ನಿಸುತ್ತದೆ. ಅದೇ ಅಳತೆ, ರಟ್ಟಿನ ಮೇಲೆ ಅದೇ ಸಿಂಹದ ಮುದ್ರೆ. ಹೆಸರಿನಲ್ಲೂ 'ಸಿಟಿಜನ್' ಅನ್ನುವ ಪದವಿದೆ. ಅದನ್ನು ನನ್ನ ಮೇಜಿನ ಮೇಲಿಟ್ಟು "ಇದು ನಮ್ಮ ಹುಡುಗನ ಇಂಡಿಯನ್ ಪಾಸ್‌ಪೋರ್ಟ್ ರೀ" ಅಂದವರು ಎಷ್ಟೋ ಜನ. ಒಳಗೆ ತೆರೆದು ಬೆರಳಿಟ್ಟು ತೋರಿಸಬೇಕಾಗುತ್ತದೆ. ಅದು ಜೀವನಪೂರ್ತಿ ನಡೆಯುವ ವೀಸಾ, ಅಷ್ಟೇ. 2005ರಲ್ಲಿ ಬಂದ ಯೋಜನೆ. ಬರಬಹುದು, ಇರಬಹುದು, ಓದಬಹುದು, ದುಡಿಯಬಹುದು. ಓಟು ಹಾಕುವಂತಿಲ್ಲ. ಹೊಲ ಕೊಳ್ಳುವಂತಿಲ್ಲ. ಭಾರತದ ತಂಡಕ್ಕೆ ಆಡುವಂತೆಯೂ ಇಲ್ಲ. ದೇಶದ ತಂಡದಲ್ಲಿ ಭಾರತದ ಪೌರರು ಮಾತ್ರ ಇರಬೇಕು ಎಂದು ಕೇಂದ್ರ ಸರ್ಕಾರ 2008ರ ಕೊನೆಯಲ್ಲೇ ತೀರ್ಮಾನಿಸಿದೆ. ವಿಶ್ವ ಫುಟ್‌ಬಾಲ್ ಒಕ್ಕೂಟವಾದ ಫಿಫಾ ಕೇಳುವುದೂ ಆ ದೇಶದ ಶಾಶ್ವತ ಪೌರತ್ವವನ್ನೇ.

ಎರಡೂ ಪೌರತ್ವ ಇಟ್ಟುಕೊಳ್ಳಬಹುದಲ್ವಾ ಅಂತ ಕೇಳಬಹುದು. ಆಸ್ಟ್ರೇಲಿಯಾ 2002ರಿಂದ ಅದಕ್ಕೆ ಒಪ್ಪುತ್ತದೆ. ಒಪ್ಪದಿರುವುದು ನಾವು. ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದವನು ಭಾರತದ ಪೌರನಲ್ಲ ಎಂದು ಸಂವಿಧಾನದ 9ನೇ ವಿಧಿಯೇ ಹೇಳುತ್ತದೆ. 1955ರ ಪೌರತ್ವ ಕಾಯ್ದೆಯೂ ಅದನ್ನೇ ಮುಂದುವರಿಸಿತು. ಇದರ ಹಿಂದೆ ದೇಶ ಒಡೆದ ಕಾಲದ ನೆನಪಿದೆ. ಅಬ್ದುಲ್ ಹಫೀಜ್ ಕರ್ದಾರ್ 1946ರಲ್ಲಿ ಭಾರತದ ಪರ ಟೆಸ್ಟ್ ಆಡಿದರು. 1952ರಲ್ಲಿ ಅವರೇ ಪಾಕಿಸ್ತಾನದ ನಾಯಕರಾಗಿ ಭಾರತಕ್ಕೆ ಬಂದರು. ಯಾರು ಎಲ್ಲಿಯವರು ಅಂತ ಗೆರೆ ಹಾಕಿ ಹೇಳಲೇಬೇಕಾದ ಹೊತ್ತು ಅದು. ಆ ಗೆರೆ ಈಗಲೂ ಹಾಗೇ ಇದೆ.

ನಿಮ್ಮ ಮೊಮ್ಮಗ ಹುಟ್ಟಿನಿಂದಲೂ ಭಾರತದ ಪೌರನಲ್ಲ. 2004ರ ಡಿಸೆಂಬರ್ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿನ ಹೆಸರನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಬರೆಸಬೇಕು. ಮಗುವಿಗೆ ಬೇರೆ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ಆಗ ತಂದೆತಾಯಿಯಲ್ಲಿ ಒಬ್ಬರಾದರೂ ಭಾರತದ ಪೌರರಾಗಿದ್ದು ಹಾಗೆ ಮಾಡಿದ್ದರೆ, ಅವನಿಗೆ ಒಸಿಐ ಕಾರ್ಡಿನ ಪ್ರಶ್ನೆಯೇ ಬರುತ್ತಿರಲಿಲ್ಲ. ಇದು ಮಗಳ ತಪ್ಪೇನಲ್ಲ. ಮಗು ತೊಟ್ಟಿಲಲ್ಲಿರುವಾಗ ಮುಂದೆ ಯಾವ ತಂಡಕ್ಕೆ ಆಡುತ್ತದೆ ಅಂತ ಯಾರು ಯೋಚಿಸುತ್ತಾರೆ?

ಈಗ ಬೀಗರ ಮಾತು. ಅದು ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು. ಅದಕ್ಕೂ ಹಿಂದೆ ಯಾವ ಗೆರೆಯೂ ಇರಲಿಲ್ಲ. ಲೂಯಿಸ್ ಮೊಂಟಿ 1930ರ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ ಪರ ಆಡಿದವರು. 1934ರ ಫೈನಲ್‌ನಲ್ಲಿ ಇಟಲಿ ಪರ ಆಡಿ ಕಪ್ ಗೆದ್ದರು. ಹಂಗೇರಿಯ ಪುಷ್ಕಾಸ್ ಆಮೇಲೆ ಸ್ಪೇನ್ ಅಂಗಿ ತೊಟ್ಟರು. ಇದು ಅತಿಯಾಯಿತು ಅನ್ನಿಸಿ 1960ರ ದಶಕದಲ್ಲಿ ಫಿಫಾ ಬಾಗಿಲು ಹಾಕಿತು. ಒಂದು ದೇಶಕ್ಕೆ ಆಡಿದರೆ ಅದೇ ದೇಶ. ಆದರೆ ವಲಸೆ ಹೋದವರ ಮಕ್ಕಳು, ಮೊಮ್ಮಕ್ಕಳು ದೊಡ್ಡವರಾದಂತೆ ಆ ನಿಯಮ ಹದಿಹರೆಯದವರನ್ನೇ ಕಟ್ಟಿಹಾಕುತ್ತಿದೆ ಅಂತ ಗೊತ್ತಾಯಿತು. 2004ರಿಂದ ಅದು ಒಂದೊಂದೇ ಎಳೆ ಸಡಿಲವಾಗುತ್ತಾ ಬಂದಿದೆ. ಅದೇ ವರ್ಷ ಕತಾರ್ ಹಣ ಕೊಟ್ಟು ಬ್ರೆಜಿಲ್‌ನ ಆಟಗಾರರನ್ನು ತನ್ನವರನ್ನಾಗಿ ಮಾಡಿಕೊಳ್ಳಲು ಹೊರಟಾಗ, ದೇಶದ ಜೊತೆ ನಿಜವಾದ ನಂಟಿರಬೇಕು ಅಂತ ಫಿಫಾ ಬಿಗಿಯನ್ನೂ ಮಾಡಿತು. ಈ ಎಳೆದಾಟ ಇನ್ನೂ ಮುಗಿದಿಲ್ಲ. ಸಂಬಂಧಿಕರಲ್ಲಿ ಒಬ್ಬೊಬ್ಬರು ಒಂದೊಂದು ನಿಯಮ ಹೇಳುವುದು ಇದೇ ಕಾರಣಕ್ಕೆ. ಎಲ್ಲರೂ ಯಾವುದೋ ಒಂದು ವರ್ಷದ ನಿಯಮ ಕೇಳಿದವರೇ.

ಮುನೀರ್ ಎಲ್ ಹದ್ದಾದಿ ಕಥೆ ಹೇಳುತ್ತೇನೆ, ಅದರಲ್ಲಿ ಎಲ್ಲ ಇದೆ. ಸ್ಪೇನ್‌ನಲ್ಲಿ ಹುಟ್ಟಿದ ಹುಡುಗ, ತಂದೆಯ ಕಡೆಯಿಂದ ಮೊರಾಕೊದವನು. 2014ರ ಸೆಪ್ಟೆಂಬರ್‌ನಲ್ಲಿ, 19ನೇ ವಯಸ್ಸಿಗೆ, ಯೂರೋ ಕಪ್ ಅರ್ಹತಾ ಪಂದ್ಯದಲ್ಲಿ ಸ್ಪೇನ್ ಪರ ಬದಲಿ ಆಟಗಾರನಾಗಿ ಇಳಿದ. ಆಡಿದ್ದು ಸುಮಾರು 13 ನಿಮಿಷ. ಆಮೇಲೆ ಸ್ಪೇನ್ ಸೀನಿಯರ್ ತಂಡ ಅವನನ್ನು ಮತ್ತೆ ಆಡಿಸಲೇ ಇಲ್ಲ. 2018ರ ವಿಶ್ವಕಪ್‌ಗೆ ಮುಂಚೆ ಮೊರಾಕೊಗೆ ಆಡುತ್ತೇನೆ ಅಂದ. ಫಿಫಾ ಒಪ್ಪಲಿಲ್ಲ. ಕ್ರೀಡಾ ನ್ಯಾಯಾಲಯದಲ್ಲೂ ಸೋತ. ಆ 13 ನಿಮಿಷ ಅವನ ಒಂದು ವಿಶ್ವಕಪ್ ತಿಂದುಹಾಕಿತು. 2020ರ ಸೆಪ್ಟೆಂಬರ್‌ನಲ್ಲಿ ಫಿಫಾ ನಿಯಮ ಬದಲಿಸಿದ ಮೇಲೆ, 2021ರಲ್ಲಿ ಮೊರಾಕೊ ಅಂಗಿ ತೊಟ್ಟ.

ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು ಈ 2020ರ ನಿಯಮ. ಸೀನಿಯರ್ ತಂಡಕ್ಕೆ ಮೂರಕ್ಕಿಂತ ಹೆಚ್ಚು ಪಂದ್ಯ ಆಡಿರಬಾರದು. ಕೊನೆಯ ಸಲ ಆಡಿದಾಗ 21 ತುಂಬಿರಬಾರದು. ಆಡಿ ಮೂರು ವರ್ಷ ಕಳೆದಿರಬೇಕು. ವಿಶ್ವಕಪ್ ಆಗಲಿ, ಏಷ್ಯನ್ ಕಪ್‌ನಂಥ ಖಂಡದ ಟೂರ್ನಿಯ ಮುಖ್ಯ ಹಂತವಾಗಲಿ ಆಡಿರಬಾರದು. ಇಷ್ಟಿದ್ದರೆ ದೇಶ ಬದಲಿಸಲು ಕೇಳಬಹುದು. ಗುಂಪಿನಲ್ಲಿ ಹಾಕಿದವರು ಇಲ್ಲಿಯವರೆಗೆ ಹೇಳಿದ್ದು ಸರಿ.

ಅಕ್ಕೋರೆ, ಅವರು ಬಿಟ್ಟುಹೋದ ಒಂದು ಸಾಲಿದೆ. ದಯವಿಟ್ಟು ಇದನ್ನು ಎರಡು ಸಲ ಓದಿ. ಮೊದಲ ದೇಶಕ್ಕೆ ಮೊದಲ ಅಧಿಕೃತ ಪಂದ್ಯ, ಅಂದರೆ ಟೂರ್ನಿಯ ಅಥವಾ ಅದರ ಅರ್ಹತಾ ಪಂದ್ಯ, ಆಡಿದ ದಿನವೇ ಎರಡನೇ ದೇಶದ ಪೌರತ್ವವೂ ಆಟಗಾರನ ಕೈಯಲ್ಲಿ ಇದ್ದಿರಬೇಕು. ಮುನೀರ್‌ಗೆ ಇತ್ತು. ಜೇಬಿನಲ್ಲಿ ಎರಡು ಪಾಸ್‌ಪೋರ್ಟ್ ಇಟ್ಟುಕೊಂಡು ಬೆಳೆಯುವ ಮಕ್ಕಳಿಗಾಗಿ ಬರೆದ ನಿಯಮ ಅದು. ಭಾರತದ ಮೂಲದ ಮಕ್ಕಳಿಗೆ ಆ ಎರಡನೇ ಪಾಸ್‌ಪೋರ್ಟ್ ಇರಲು ಸಾಧ್ಯವೇ ಇಲ್ಲ, ನಮ್ಮ ಕಾನೂನು ಬಿಡುವುದಿಲ್ಲ. ಹಾಗಾಗಿ ಮೂರು ಮ್ಯಾಚ್‌ನ ರಿಯಾಯಿತಿ ನಿಮ್ಮ ಮೊಮ್ಮಗನಿಗೆ ಸಿಗುವುದಿಲ್ಲ. ಆಸ್ಟ್ರೇಲಿಯಾದ ಸೀನಿಯರ್ ತಂಡದಲ್ಲಿ ಒಂದೇ ಒಂದು ಅಧಿಕೃತ ಪಂದ್ಯ, ಅದರಲ್ಲೂ ಕೊನೆಯ ಎರಡು ನಿಮಿಷಕ್ಕೆ ಇಳಿದರೂ, ಭಾರತದ ಬಾಗಿಲು ಮುಚ್ಚಿತು ಅಂತ ತಿಳಿಯಬೇಕು. ಸೀನಿಯರ್ ಮಟ್ಟದಲ್ಲಿ ನಿಮ್ಮ ಬೀಗರ ಮಾತೇ ಸರಿ. ಅವರಿಗೆ ಗೊತ್ತಿಲ್ಲದ ಕಾರಣಕ್ಕೆ ಸರಿ, ಆದರೂ ಸರಿ.

ಕಿರಿಯರ ಮಟ್ಟದಲ್ಲಿ ಹಾಗಿಲ್ಲ. 17, 20 ವರ್ಷದೊಳಗಿನವರ ತಂಡಕ್ಕೆ ಅಧಿಕೃತ ಟೂರ್ನಿಯಲ್ಲೇ ಆಡಿರಲಿ, ಆಗ ಭಾರತದ ಪೌರತ್ವ ಇಲ್ಲದೇ ಇರಲಿ, ಬದಲಿಸಲು ದಾರಿ ಇದೆ. ಕೊನೆಯ ಅಧಿಕೃತ ಪಂದ್ಯ 21 ತುಂಬುವ ಮೊದಲು ಆಗಿರಬೇಕು. ಆಮೇಲೆ ಭಾರತದ ಪೌರತ್ವ ಪಡೆದಿರಬೇಕು. ಅವನಾಗಲಿ, ತಂದೆತಾಯಿಯಲ್ಲಿ ಒಬ್ಬರಾಗಲಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ ಭಾರತದಲ್ಲಿ ಹುಟ್ಟಿರಬೇಕು. ನಿಮ್ಮ ಮಗಳು ಹುಬ್ಬಳ್ಳಿಯಲ್ಲಿ ಹುಟ್ಟಿದವರಾದರೆ ಆ ಶರತ್ತು ಅಲ್ಲಿಗೇ ಮುಗಿಯಿತು. ಬದಲಾವಣೆ ಒಂದೇ ಸಲ. ಸರಿ ಹೋಗಲಿಲ್ಲ ಅಂತ ಮತ್ತೆ ಹಿಂದಿರುಗಲು ಆಗುವುದಿಲ್ಲ.

ಸೀನಿಯರ್ ತಂಡದ ಫ್ರೆಂಡ್ಲಿ ಪಂದ್ಯ ಕಟ್ಟಿಹಾಕುವುದಿಲ್ಲ. ಡಿಯೆಗೊ ಕೋಸ್ಟಾ 2013ರಲ್ಲಿ ಬ್ರೆಜಿಲ್ ಪರ ಎರಡು ಫ್ರೆಂಡ್ಲಿ ಆಡಿ ಮರುವರ್ಷ ಸ್ಪೇನ್ ಪರ ವಿಶ್ವಕಪ್ ಆಡಿದರು. ನಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಕಥೆ ನಿಮಗೆ ಇನ್ನೂ ಹತ್ತಿರದ್ದು. ಪರ್ತ್‌ನಲ್ಲಿ ಹುಟ್ಟಿದವರು, ತಾಯಿ ಮುಂಬೈ ಮೂಲದ ಆಂಗ್ಲೋ ಇಂಡಿಯನ್. 2019ರಲ್ಲಿ ಆಸ್ಟ್ರೇಲಿಯಾ ಪರ ಒಂದು ಫ್ರೆಂಡ್ಲಿ ಆಡಿದ್ದರು. 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಭಾರತದ ಪೌರರಾದರು. ಅದಕ್ಕೂ ಮೊದಲು ಜಪಾನ್‌ನಲ್ಲಿ ಹುಟ್ಟಿದ, ತಂದೆಯ ಕಡೆಯಿಂದ ಗುಜರಾತಿನ ಅರಾಟಾ ಇಜುಮಿ 2012ರಲ್ಲಿ ಭಾರತದ ಪೌರತ್ವ ಪಡೆದು ಮರುವರ್ಷ ನೀಲಿ ಅಂಗಿ ತೊಟ್ಟಿದ್ದರು.

ಹುಡುಗರು ಈ ಇಬ್ಬರ ಹೆಸರು ಹೇಳಿ "ಅವರಿಗೆ ಆಯ್ತು, ನನಗ್ಯಾಕೆ ಆಗೋದಿಲ್ಲ" ಅನ್ನುತ್ತಾರೆ. ನಾನು ಅವರ ವಯಸ್ಸು ನೋಡು ಅನ್ನುತ್ತೇನೆ. ಇಜುಮಿ ಭಾರತಕ್ಕೆ ಮೊದಲು ಆಡಿದಾಗ 30. ವಿಲಿಯಮ್ಸ್ ಪೌರತ್ವ ಪಡೆದಾಗ 32. ಇಬ್ಬರೂ ಇಲ್ಲಿ ವರ್ಷಗಟ್ಟಲೆ ಆಡಿ, ಊರು, ಊಟ, ಕ್ಲಬ್ಬು, ಸಂಬಳ ಎಲ್ಲ ನೋಡಿದ ಮೇಲೆ ಕೈ ಹಾಕಿದವರು. ನಿಮ್ಮ ಮೊಮ್ಮಗ ಡಿಸೆಂಬರ್ ರಜೆಯ ಹುಬ್ಬಳ್ಳಿಯನ್ನು ಮಾತ್ರ ನೋಡಿದ್ದಾನೆ. ಅಜ್ಜಿ ಕೈಯಡುಗೆ ಇರುವ ಊರು ಅದು.

ಅವನು ನಿಜವಾಗಿಯೂ ಆ ದಾರಿ ಹಿಡಿದರೆ ಏನೇನು ಆಗಬೇಕು ಅಂತ ಹೇಳುತ್ತೇನೆ. 18 ತುಂಬಬೇಕು. ತಂದೆ ಅಥವಾ ತಾಯಿ ಹಿಂದೆ ಸ್ವತಂತ್ರ ಭಾರತದ ಪೌರರಾಗಿದ್ದವರಿಗೂ, ಐದು ವರ್ಷದಿಂದ ಒಸಿಐ ಕಾರ್ಡ್ ಇರುವವರಿಗೂ ನೋಂದಣಿಯ ಮೂಲಕ ಪೌರತ್ವ ಕೇಳಲು ಅವಕಾಶವಿದೆ. ಆದರೆ ಅರ್ಜಿಗೆ ಮೊದಲಿನ 12 ತಿಂಗಳು ಭಾರತದಲ್ಲೇ ವಾಸ ಇರಬೇಕು. ಒಂದು ತಿಂಗಳ ಮಟ್ಟಿಗೆ ಸಣ್ಣ ವಿನಾಯಿತಿ ಸಿಗಬಹುದು, ಅದೂ ವಿಶೇಷ ಕಾರಣಕ್ಕೆ. ಆಮೇಲೆ ಅರ್ಜಿ, ವಿಚಾರಣೆ, ದೆಹಲಿಯ ಒಪ್ಪಿಗೆ, ಪ್ರಮಾಣವಚನ, ಆಸ್ಟ್ರೇಲಿಯಾ ಪೌರತ್ವದ ತ್ಯಾಗ. ಇದಾದ ಮೇಲೆ ಹೊಸ ಪಾಸ್‌ಪೋರ್ಟ್. ಆ ಮೇಲೆ ಫಿಫಾ ಅನುಮತಿ. ಇವೆಲ್ಲ ಬೇಗ ಆಗುವ ಕೆಲಸಗಳಲ್ಲ.

ಆ 12 ತಿಂಗಳು ಆಟಗಾರನ ಯಾವ ವಯಸ್ಸಿನಲ್ಲಿ ಬರುತ್ತದೆ ಯೋಚಿಸಿ. 18ರಿಂದ 21 ಅಂದರೆ ಹುಡುಗ ಅಕಾಡೆಮಿ ಬಿಟ್ಟು ದೊಡ್ಡವರ ತಂಡದಲ್ಲಿ ಜಾಗ ಹಿಡಿಯುವ ಹೊತ್ತು. ಪೌರತ್ವ ಬರುವ ತನಕ ಇಲ್ಲಿಯ ಕ್ಲಬ್‌ಗೆ ಅವನು ವಿದೇಶಿ ಆಟಗಾರ. ವಿದೇಶಿಯರಿಗೆ ಇರುವ ಬೆರಳೆಣಿಕೆಯ ಜಾಗವನ್ನು 18ರ ಹುಡುಗನಿಗೆ ಯಾವ ಕ್ಲಬ್ ಕೊಡುತ್ತದೆ? ಇಲ್ಲಿಯ ಲೀಗ್ ಕೂಡ ಗಟ್ಟಿ ನೆಲದ ಮೇಲೆ ನಿಂತಿಲ್ಲ. 2025ರಲ್ಲಿ ಒಪ್ಪಂದದ ಗೊಂದಲದಿಂದ ದೇಶದ ಮುಖ್ಯ ಲೀಗ್ ಐಎಸ್‌ಎಲ್ ಸಮಯಕ್ಕೆ ಶುರುವಾಗಲೇ ಇಲ್ಲ. ಆಟಗಾರರು ತಿಂಗಳುಗಟ್ಟಲೆ ಕಾದು ಕೂತರು. ಭಾರತದ ಫುಟ್‌ಬಾಲ್ ಮೇಲೆ ನನಗಿರುವ ಪ್ರೀತಿ ಸಣ್ಣದಲ್ಲ. ಆ ಪ್ರೀತಿಗಾಗಿಯೇ ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ.

ಇನ್ನೊಂದು ಮಾತು ಮಗಳು ಅಳಿಯ ಇಬ್ಬರೂ ಕೂತು ಯೋಚಿಸಬೇಕು. ಆಸ್ಟ್ರೇಲಿಯಾದ ಪೌರತ್ವ ಬಿಟ್ಟ ದಿನದಿಂದ ಅವನು ಹುಟ್ಟಿದ ಮನೆಗೆ, ಅಪ್ಪ ಅಮ್ಮನ ಹತ್ತಿರ ಹೋಗಲು ವೀಸಾ ಕೇಳಬೇಕು. ಮಂಡಿ ಮುರಿದು ಆಟ ನಿಂತರೂ ಆ ಕಾಗದ ತಾನಾಗಿ ವಾಪಸ್ ಬರುವುದಿಲ್ಲ. ಇಂಗ್ಲೆಂಡ್‌ನ ಮೈಕೆಲ್ ಚೋಪ್ರಾ, ಪ್ರೀಮಿಯರ್ ಲೀಗ್ ಆಡಿದವರು, ಭಾರತಕ್ಕೆ ಆಡುವ ಆಸೆ ಬಾಯಿಬಿಟ್ಟೇ ಹೇಳಿದ್ದರು. ಬ್ರಿಟಿಷ್ ಪಾಸ್‌ಪೋರ್ಟ್ ಬಿಡಬೇಕಾದ ಅಡ್ಡಿ ನಡುವೆ ಇತ್ತು. ಕೊನೆಗೂ ಅದು ಕೈಗೂಡಲಿಲ್ಲ. ಅವರ ಮೇಲೆ ನನಗೇನೂ ಬೇಸರವಿಲ್ಲ.

ಈಗಲೇ ಇಲ್ಲಿಗೆ ಕರೆಸಿ ಯಾವುದಾದರೂ ಅಕಾಡೆಮಿಗೆ ಸೇರಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 18ಕ್ಕಿಂತ ಚಿಕ್ಕವರನ್ನು ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ನೋಂದಾಯಿಸಲು ಫಿಫಾ ಸಾಮಾನ್ಯವಾಗಿ ಬಿಡುವುದಿಲ್ಲ. ತಂದೆತಾಯಿ ಬೇರೆ ಕಾರಣಕ್ಕೆ ಮನೆ ಬದಲಿಸಿದ್ದರೆ ಆ ಮಾತು ಬೇರೆ. ಹಾಗೇ "ಆರು ತಿಂಗಳಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಡ್ತೀನಿ" ಅನ್ನುವವರೂ ಇದ್ದಾರೆ. ಅಂಥವರೊಬ್ಬರಿಗೆ ದುಡ್ಡು ಕೊಟ್ಟು, ಮಗನನ್ನು ಒಂದು ವರ್ಷ ಇಲ್ಲಿ ಕೂರಿಸಿಕೊಂಡು, ಕೊನೆಗೆ ನನ್ನ ಹತ್ತಿರ ಬಂದ ತಾಯಿಯೊಬ್ಬರನ್ನು ನಾನು ನೋಡಿದ್ದೇನೆ. ಅರ್ಜಿಯನ್ನೇ ಸಲ್ಲಿಸಿರಲಿಲ್ಲ. ಆ ಹುಡುಗ ಇಡೀ ಹೊತ್ತು ಕುರ್ಚಿಯ ಅಂಚಿನಲ್ಲಿ ಕೂತು ಬೂಟಿನ ಲೇಸ್ ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದ. ಒಂದು ಮಾತೂ ಆಡಲಿಲ್ಲ.

ಈಗ ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ.

ಅವರ ನೋವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರು ಹೇಳಿದ ಪಂದ್ಯ ನಡೆಯುವುದೇ ಇಲ್ಲ ಅನ್ನಲೂ ಆಗುವುದಿಲ್ಲ. 2006ರಿಂದ ಆಸ್ಟ್ರೇಲಿಯಾ ಏಷ್ಯಾದ ಒಕ್ಕೂಟದಲ್ಲೇ ಇದೆ. 2024ರ ಜನವರಿಯಲ್ಲಿ ಏಷ್ಯನ್ ಕಪ್‌ನಲ್ಲಿ ಎರಡೂ ತಂಡ ಎದುರಾದವು. ಮೊದಲ ಅರ್ಧ ನಮ್ಮವರು ಒಂದೂ ಗೋಲು ಬಿಡದೆ ನಿಂತರು. ಕೊನೆಗೆ 0–2 ಸೋತೆವು. ಆ ಮೊದಲ 45 ನಿಮಿಷ ನಾನು ಕುರ್ಚಿಯಲ್ಲಿ ಕೂತಿರಲಿಲ್ಲ. ಆ ದಿನ ಎದುರಿನ ಹಳದಿ ಅಂಗಿಯಲ್ಲಿ ನನ್ನ ಮಗಳ ಮಗ ಇದ್ದಿದ್ದರೆ? ನನಗೂ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ ಆಗುತ್ತಿತ್ತು.

ಆದರೂ ಅವರಿಗೆ ಒಂದು ಚಿತ್ರ ಹೇಳಿ. 2016ರ ಯೂರೋ ಕಪ್‌ನಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಬೇನಿಯಾ ಎದುರಾದವು. ಅಣ್ಣ ತೌಲಂತ್ ಜಾಕಾ ಅಲ್ಬೇನಿಯಾ ಕಡೆ, ತಮ್ಮ ಗ್ರಾನಿತ್ ಜಾಕಾ ಸ್ವಿಟ್ಜರ್ಲೆಂಡ್ ಕಡೆ. ಅವರ ತಾಯಿ ಒಂದು ಅಂಗಿ ಹಾಕಿಕೊಂಡು ಸ್ಟೇಡಿಯಂಗೆ ಬಂದಿದ್ದರು. ಎದೆಯ ಅರ್ಧಕ್ಕೆ ಒಂದು ಬಾವುಟ, ಇನ್ನರ್ಧಕ್ಕೆ ಇನ್ನೊಂದು. ಒಂದೇ ಬಸಿರಿನ ಮಕ್ಕಳು, ಒಂದೇ ಮನೆಯಲ್ಲಿ ಬೆಳೆದವರು, ಬೇರೆ ಬೇರೆ ಆರಿಸಿಕೊಂಡರು. ಬೋಟೆಂಗ್ ಅಣ್ಣತಮ್ಮಂದಿರು ಜರ್ಮನಿ, ಘಾನಾ ಪರವಾಗಿ ಎರಡು ವಿಶ್ವಕಪ್‌ನಲ್ಲಿ ಎದುರುಬದುರಾದರು. ಸ್ಪೇನ್‌ನ ವಿಲಿಯಮ್ಸ್ ಸಹೋದರರಲ್ಲಿ ಅಣ್ಣ ಇನಾಕಿ ಘಾನಾಕ್ಕೆ, ತಮ್ಮ ನಿಕೊ ಸ್ಪೇನ್‌ಗೆ. ನಿಕೊ 2024ರ ಯೂರೋ ಫೈನಲ್‌ನಲ್ಲಿ ಗೋಲು ಹೊಡೆದ. 2022ರಲ್ಲಿ ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊರಾಕೊ ತಂಡದ 26 ಜನರಲ್ಲಿ 14 ಜನ ಆ ದೇಶದಲ್ಲಿ ಹುಟ್ಟಿದವರೇ ಅಲ್ಲ.

ಇಷ್ಟು ದೂರ ಹೋಗುವುದೂ ಬೇಡ. 2023ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ರಚಿನ್ ರವೀಂದ್ರ ಚಿನ್ನಸ್ವಾಮಿ ಮೈದಾನದಲ್ಲಿ ನೂರು ಹೊಡೆದಾಗ ನಿಮ್ಮ ಯಜಮಾನರು ಟಿವಿ ಆರಿಸಿದ್ದರಾ, ಕೇಳಿ ನೋಡಿ. ಬೆಂಗಳೂರಿನಿಂದ ಹೋದ ತಂದೆತಾಯಿಯ ಮಗ, ವೆಲಿಂಗ್ಟನ್‌ನಲ್ಲಿ ಹುಟ್ಟಿ ನ್ಯೂಜಿಲೆಂಡ್‌ಗೆ ಆಡುವವನು. ಇಡೀ ಕರ್ನಾಟಕ ಅವನನ್ನು ನಮ್ಮ ಹುಡುಗ ಅಂತಲೇ ಮಾತಾಡಿತು. ಬೇರೆಯವರ ಮನೆಯ ಹುಡುಗನಿಗೆ ಕೊಟ್ಟ ಪ್ರೀತಿಯನ್ನು ಸ್ವಂತ ಮೊಮ್ಮಗನಿಗೆ ಕೊಡಲು ಯಾಕೆ ಇಷ್ಟು ಕಷ್ಟ? ಸ್ವಂತದವನು ಅನ್ನುವುದಕ್ಕೇ ಕಷ್ಟ, ಅಲ್ವಾ. ಅವನು ದೂರ ಹೋದ ಅನ್ನುವ ಹಳೇ ನೋವೇ ಅಂಗಿಯ ನೆಪದಲ್ಲಿ ಹೊರಗೆ ಬಂತು ಅಂತ ನನಗನ್ನಿಸುತ್ತದೆ. ಮಗಳು ವಿಮಾನ ಹತ್ತಿದ ದಿನ ಅವರು ಏನೂ ಮಾತಾಡಿರಲಿಕ್ಕಿಲ್ಲ.

ಯಾವ ದೇಶದವನು ಅನ್ನುವ ಪ್ರಶ್ನೆ ಅಂಗಿ ಬದಲಿಸಿದರೆ ಮುಗಿಯುವುದೂ ಇಲ್ಲ. ಜರ್ಮನಿಗೆ 2014ರ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ ಓಝಿಲ್ 2018ರಲ್ಲಿ ಆ ತಂಡ ಬಿಟ್ಟರು. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ, ಅಂದರು. ಇಲ್ಲೇ ನಮ್ಮ ಮೈದಾನದಲ್ಲಿ ಕೆಲವು ವರ್ಷದ ಹಿಂದೆ ಒಂದು ಪಂದ್ಯ ನಡೆಯುತ್ತಿತ್ತು. ಒಂದು ತಂಡದಲ್ಲಿ ಸಿದ್ದಿ ಹುಡುಗನೊಬ್ಬ ಬಲಗಡೆ ಆಡುತ್ತಿದ್ದ. ಚೆಂಡು ಕಾಲಿಗೆ ಅಂಟಿಕೊಂಡ ಹಾಗೆ ಓಡುತ್ತಿದ್ದ. ಗೆರೆಯ ಪಕ್ಕ ನಿಂತವನೊಬ್ಬ ಕೂಗಿದ, "ಯಾವ ದೇಶದಾಂವಲೇ ನೀ?" ಹುಡುಗ ಚೆಂಡನ್ನು ಎಸೆಯಲು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಹಾಗೇ ತಿರುಗಿ, "ಕಲಘಟಗಿ ತಾಲೂಕಿನಾಂವ್ರಿ" ಅಂದು ಎಸೆದು ಓಡಿದ. ನೂರಾರು ವರ್ಷದಿಂದ ಹಳಿಯಾಳ, ಯಲ್ಲಾಪುರ, ಕಲಘಟಗಿ ಕಡೆ ಬಾಳುತ್ತಿರುವ ಜನ ಅವರು. ಕನ್ನಡ, ಕೊಂಕಣಿ ಮಾತಾಡುವವರು. ಭಾರತದ ಪಾಸ್‌ಪೋರ್ಟ್‌ಗೆ ಹುಟ್ಟಿನಿಂದಲೇ ಹಕ್ಕಿರುವ ಹುಡುಗನಿಗೂ ಆ ಪ್ರಶ್ನೆ ತಪ್ಪಲಿಲ್ಲ.

ಹುಬ್ಬಳ್ಳಿಯಿಂದ ಮುಂಡಗೋಡದ ಕಡೆ ಹೋಗಿ ನೋಡಿ. ಟಿಬೆಟನ್ ಮಕ್ಕಳು ಅಲ್ಲಿ ಫುಟ್‌ಬಾಲ್ ಆಡುತ್ತಾರೆ. ಟಿಬೆಟ್‌ನ ಹೆಸರಲ್ಲಿ ಒಂದು ತಂಡವಿದೆ. 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 1–4 ಸೋತಿತು. ಫಿಫಾ ಪಟ್ಟಿಯಲ್ಲಿ ಆ ತಂಡಕ್ಕೆ ಜಾಗವಿಲ್ಲ. ಮನಸ್ಸಿನ ದೇಶಕ್ಕೆ ಆಡಲು ಅವರ ಪಾಲಿಗೆ ಯಾವ ಅರ್ಜಿಯೂ ಇಲ್ಲ. ಇದನ್ನು ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು, ಒಬ್ಬ ಹುಡುಗ ಯಾರವನು ಅಂತ ಫಿಫಾ ಕಾಗದ ಹೇಳಲಾರದು, ಯಾವ ತಂಡಕ್ಕೆ ಆಡಬಹುದು ಅಂತ ಮಾತ್ರ ಹೇಳುತ್ತದೆ. ನಿಮ್ಮ ಮೊಮ್ಮಗ 16ನೇ ವಯಸ್ಸಿಗೆ ಎರಡಕ್ಕೂ ಒಂದೇ ಉತ್ತರ ಹುಡುಕಲು ಹೊರಟಿದ್ದಾನೆ. ಅತ್ತದ್ದು ಅದಕ್ಕೇ.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ ಇಷ್ಟು. ಕ್ಯಾಂಪ್‌ಗೆ ಹೋಗಲಿ. ಕಿರಿಯರ ತಂಡಕ್ಕೆ ಆಯ್ಕೆಯಾದರೆ ಆಡಲಿ. ಅಲ್ಲಿ ಸಿಗುವ ಕೋಚಿಂಗ್, ಎದುರಾಳಿಗಳು, ಶಿಸ್ತು ಅವನ ಕಾಲಿಗೆ ಸೇರುತ್ತವೆ, ಮುಂದೆ ಯಾವ ಅಂಗಿ ತೊಟ್ಟರೂ ಅವು ಅವನವೇ. 18ಕ್ಕೆ ಪೌರತ್ವ ಬಿಡುವ ಮಾತು ಬೇಡ. 20ರ ಹೊತ್ತಿಗೆ ಅವನು ಯಾವ ಮಟ್ಟದ ಆಟಗಾರ ಅನ್ನುವುದು ಸುಮಾರಾಗಿ ಗೊತ್ತಾಗಿರುತ್ತದೆ. 21 ತುಂಬಿದ ಮೇಲೆ ಆಸ್ಟ್ರೇಲಿಯಾದ ಯಾವುದೇ ತಂಡಕ್ಕೆ ಅಧಿಕೃತ ಪಂದ್ಯ ಆಡುವ ಮುನ್ನ ವಕೀಲರನ್ನು ಕೇಳಬೇಕು. ಸೀನಿಯರ್ ತಂಡದಿಂದ ಅರ್ಹತಾ ಪಂದ್ಯಕ್ಕೋ ಏಷ್ಯನ್ ಕಪ್‌ಗೋ ಕರೆ ಬಂದರೆ, ಅದೇ ನಿಜವಾದ ತೀರ್ಮಾನದ ದಿನ. ಆ ದಿನ ಬರುವಷ್ಟು ಅವನು ಬೆಳೆದರೆ ನಾನಂತೂ ಸಂತೋಷಪಡುತ್ತೇನೆ. ಅಂಥ ಕರೆ ಬಾರದೆ, ಅವನಿಗೆ ಭಾರತದಲ್ಲೇ ಬಾಳಬೇಕು, ದುಡಿಯಬೇಕು ಅಂತಲೂ ಅನ್ನಿಸಿದರೆ, ಆಗ ಇಲ್ಲಿ ಬಂದು ಒಂದೆರಡು ವರ್ಷ ಆಡಿ, ಇದ್ದು ನೋಡಿ, ಆಮೇಲೆ ಅರ್ಜಿ ಹಾಕಲಿ. ಆಟಕ್ಕಾಗಿ ಮಾತ್ರ ಪೌರತ್ವ ಬದಲಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಪ್ಪದ ವಕೀಲರೂ ಇದ್ದಾರೆ. ಇಬ್ಬರ ಮಾತನ್ನೂ ಕೇಳಿ.

ನಮ್ಮ ಕಾನೂನೇ ಬದಲಾಗಬಹುದಲ್ವಾ ಅಂದರೆ, ಆಗಬಹುದು. ಅದನ್ನು ನಂಬಿಕೊಂಡು ಯೋಜನೆ ಮಾಡಬೇಡಿ.

ನೀವು ಇಲ್ಲಿ ಕೂತು ಮಾಡಬಹುದಾದ ಒಂದು ಕೆಲಸ ಇದೆ, ಅದನ್ನು ಈ ವಾರವೇ ಶುರು ಮಾಡಿ. ಮಗಳ ಜನನ ಪ್ರಮಾಣಪತ್ರ ಹುಡುಕಿ. ಅವಳು ಹುಟ್ಟಿದ್ದು ಭಾರತದಲ್ಲಿ ಅಂತ ತೋರಿಸುವ ಮೊದಲ ಕಾಗದ ಅದು. ನಮ್ಮ ಕಡೆಯ ಹಳೇ ಪ್ರಮಾಣಪತ್ರಗಳ ಪಾಡು ನಿಮಗೆ ಗೊತ್ತೇ ಇದೆ. ಎಷ್ಟೋ ಕಡೆ ಮಗುವಿನ ಹೆಸರೇ ಬರೆದಿರುವುದಿಲ್ಲ, 'ಹೆಣ್ಣು' ಅಂತ ಮಾತ್ರ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಥರ. ಊರಿನ ಹೆಸರೂ ಇಂಗ್ಲಿಷ್‌ನಲ್ಲಿ ಹಿಂದೆ 'ಹುಬ್ಳಿ', 2014ರ ನವೆಂಬರ್ 1ರಿಂದ 'ಹುಬ್ಬಳ್ಳಿ'. ಇವೆಲ್ಲ ಸರಿಪಡಿಸಬಹುದಾದವೇ, ಆದರೆ ಸಮಯ ತಿನ್ನುತ್ತವೆ. ಮಹಾನಗರ ಪಾಲಿಕೆಯಲ್ಲಿ ನೋಂದಣಿ ಸಿಗದಿದ್ದರೆ ಆಸ್ಪತ್ರೆಯ ಹಳೇ ಚೀಟಿ, ಶಾಲೆಯ ದಾಖಲೆ ಎತ್ತಿಡಿ. ನಿಮ್ಮ ಮತ್ತು ಯಜಮಾನರ ಜನನ ದಾಖಲೆಯನ್ನೂ ಒಂದೇ ಫೈಲಿನಲ್ಲಿ ಹಾಕಿ. ಅಜ್ಜ ಅಜ್ಜಿಯ ಕಾಗದವೂ ಫಿಫಾ ಮುಂದೆ ನಡೆಯುತ್ತದೆ. ಮಗಳು ಅಳಿಯ ಭಾರತದ ಪಾಸ್‌ಪೋರ್ಟ್ ಒಪ್ಪಿಸಿದಾಗ ಸಿಕ್ಕ ಪ್ರಮಾಣಪತ್ರವನ್ನು ಮೆಲ್ಬರ್ನ್‌ನಿಂದ ತರಿಸಿಕೊಳ್ಳಿ.

ಈ ಫೈಲನ್ನು ಯಜಮಾನರ ಕೈಗೆ ಕೊಡಿ. ರೈಲ್ವೆಯಲ್ಲಿದ್ದವರು, ಕಾಗದ ಜೋಡಿಸುವುದು ಅವರಿಗೆ ಚೆನ್ನಾಗಿ ಬರುತ್ತದೆ. ಡಿಸೆಂಬರ್‌ನಲ್ಲಿ ಹುಡುಗ ಬಂದಾಗ ಅಜ್ಜ ಮೊಮ್ಮಗ ಇಬ್ಬರೂ ಅದನ್ನು ಹಿಡಿದುಕೊಂಡು ಒಂದು ಬೆಳಿಗ್ಗೆ ಆರೂವರೆಗೆ ಮೈದಾನಕ್ಕೆ ಬರಲಿ. ನಾನು ಅಲ್ಲೇ ಇರುತ್ತೇನೆ. ಬೂಟು ತರಲು ಹೇಳಿ, ನೆಲ ಗಟ್ಟಿ ಇದೆ.